128 ದೊಡ್ಡದೋ, 145 ದೊಡ್ಡದೋ?

ಮೊದಲು ಒಂದು ತಪ್ಪೊಪ್ಪಿಗೆ. 2016ರ ಯೂರೋ ಕಪ್ ಸಮಯದಲ್ಲಿ ಇದೇ ಬ್ಲಾಗಿನಲ್ಲಿ ಒಂದು ಪೋಸ್ಟ್ ಹಾಕಿದ್ದೆ. ಜೂನ್ 18ರಂದು ಪ್ಯಾರಿಸ್‌ನಲ್ಲಿ ಆಸ್ಟ್ರಿಯಾ ವಿರುದ್ಧ ಪೋರ್ಚುಗಲ್ ಆಡಿತ್ತಲ್ಲ, ರೊನಾಲ್ಡೊ ಪೆನಾಲ್ಟಿಯನ್ನು ಕಂಬಕ್ಕೆ ಹೊಡೆದು ತಲೆ ತಗ್ಗಿಸಿ ನಿಂತ ಪಂದ್ಯ, ಅದರ ಬಗ್ಗೆ. ಅದು ಆತನ 128ನೇ ಅಂತಾರಾಷ್ಟ್ರೀಯ ಪಂದ್ಯ. ಲೂಯಿಸ್ ಫಿಗೊನ 127ರ ದಾಖಲೆ ಅವತ್ತು ಮುರಿಯಿತು. ನಾನು ಭಾರೀ ಹುಮ್ಮಸ್ಸಿನಲ್ಲಿ ಬರೆದಿದ್ದೆ: "ಪೋರ್ಚುಗಲ್ ಪರ ಅತಿ ಹೆಚ್ಚು ಪಂದ್ಯ ಆಡಿದ ಆಟಗಾರ ಈಗ ರೊನಾಲ್ಡೊ." ನೀವೆಲ್ಲ ಬಂದು ಸೂಪರ್ ಅಂತ ಕಾಮೆಂಟ್ ಹಾಕಿ ಹೋದಿರಿ. ತಪ್ಪು ಅಂತ ಒಬ್ಬರೂ ಹೇಳಲಿಲ್ಲ.

ತಪ್ಪಾಗಿತ್ತು ಕಣ್ರೀ. ಅವತ್ತಿಗೆ ಆ ದೇಶದ ದಾಖಲೆ 127 ಅಲ್ಲ, 145. ಅದನ್ನು ಮಾಡಿದವರ ಹೆಸರು ಕಾರ್ಲಾ ಕೌಟೊ.

ಯಾರಿವರು ಅಂದಿರಾ? ನಾನೂ ಹಾಗೇ ಕೇಳಿದ್ದೆ.

ಕಾರ್ಲಾ ಕೌಟೊ ಹುಟ್ಟಿದ್ದು 1974ರಲ್ಲಿ, ಲಿಸ್ಬನ್‌ನಲ್ಲಿ. ಪೋರ್ಚುಗಲ್ ತಂಡಕ್ಕೆ ಮೊದಲು ಆಡಿದ್ದು 1993ರಲ್ಲಿ, ಕೊನೆಗೆ ಆಡಿದ್ದು 2012ರಲ್ಲಿ. 19 ವರ್ಷ, 145 ಪಂದ್ಯ, 29 ಗೋಲು. ಫಿಗೊ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಫಿಗೊಗಿಂತ 18 ಪಂದ್ಯ ಹೆಚ್ಚು ಆಡಿದ ಈಕೆಯ ಹೆಸರು ಎಷ್ಟು ಜನ ಕೇಳಿದ್ದೀರಿ, ಕೈ ಎತ್ತಿ ನೋಡೋಣ.

ಈ ವಿಷಯವನ್ನು ಗೆಳೆಯನೊಬ್ಬನ ಹತ್ತಿರ ಹೇಳಿದೆ. ಅವನು ನಕ್ಕ. "ನೀನು ಬರೆದಿದ್ದು 'ಆಟಗಾರ' ಅಂತ ತಾನೇ? ಆಟಗಾರ ಅಂದ್ರೆ ಗಂಡಸು. ಹೆಂಗಸಾದ್ರೆ ಆಟಗಾರ್ತಿ. ಕನ್ನಡ ವ್ಯಾಕರಣದ ಪ್ರಕಾರ ನೀನು ಬರೆದಿದ್ದು ಸರಿಯಾಗೇ ಇದೆ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂದ. ಒಂದು ಕ್ಷಣ ನನಗೂ ಖುಷಿಯಾಯ್ತು. ಆಹಾ, ಕನ್ನಡಮ್ಮ ಕಾಪಾಡಿದಳು ಅಂತ :)

ಆದರೆ ಯೋಚಿಸಿ ನೋಡಿ. ಓದುವವರು ಅದನ್ನು ಹಾಗೆ ಓದಿದರೇ? "ಗಂಡಸರಲ್ಲಿ ಇವನು ಮೊದಲು, ಹೆಂಗಸರಲ್ಲಿ ಯಾರಿದ್ದಾರೋ ನೋಡಬೇಕು" ಅಂತ ಯಾರಾದರೂ ಅಂದುಕೊಂಡರೇ? ಇಲ್ಲ. ಆ ದೇಶದಲ್ಲಿ ಇವನಿಗಿಂತ ಹೆಚ್ಚು ಆಡಿದವರೇ ಇಲ್ಲ ಅಂತಲೇ ತಿಳಿದರು. ಬರೆದ ನಾನೂ ಹಾಗೇ ತಿಳಿದಿದ್ದೆ. ಮನಸ್ಸಿನಲ್ಲಿ ಇಲ್ಲದ ವ್ಯಾಕರಣವನ್ನು ಆಮೇಲೆ ನೆಪಕ್ಕೆ ತರುವುದು ಬರೀ ಜಾಣತನ. ಪತ್ರಿಕೆ ತೆಗೆದು ನೋಡಿ. "ಮಹಿಳಾ ಫುಟ್‌ಬಾಲ್" ಅಂತ ಇರುತ್ತದೆ, "ಫುಟ್‌ಬಾಲ್" ಅಂತ ಇರುತ್ತದೆ. "ಪುರುಷರ ಫುಟ್‌ಬಾಲ್" ಅನ್ನುವುದು ಎಷ್ಟು ಸಲ ಕಂಡಿದ್ದೀರಿ?

ಇದೊಂದೇ ಸಲ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು. 2021ರ ಸೆಪ್ಟೆಂಬರ್ 1ರಂದು ಐರ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದು ರೊನಾಲ್ಡೊ 111ಕ್ಕೆ ಮುಟ್ಟಿದ. ಇರಾನಿನ ಅಲಿ ದಾಯಿಯ 109 ಹಿಂದೆ ಬಿತ್ತು. ಮತ್ತೆ ಎಲ್ಲೆಲ್ಲೂ "ಅಂತಾರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಗೋಲು" ಅನ್ನುವ ಸಂಭ್ರಮ. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ 2020ರ ಜನವರಿಯಲ್ಲೇ 185ನೇ ಗೋಲು ಹೊಡೆದಾಗಿತ್ತು! 111ಕ್ಕೂ 185ಕ್ಕೂ ಎಷ್ಟು ವ್ಯತ್ಯಾಸ ಅಂತ ಮೂರನೇ ಕ್ಲಾಸಿನ ಮಗು ಹೇಳುತ್ತದೆ.

ಇಲ್ಲಿ ಕೆಲವರಿಗೆ ಸಿಟ್ಟು ಬರುತ್ತಿರಬಹುದು. "ಏನ್ ಸ್ವಾಮಿ, ಹಾಗಾದ್ರೆ ಕಾರ್ಲಾ ಕೌಟೊ ರೊನಾಲ್ಡೊಗಿಂತ ದೊಡ್ಡ ಆಟಗಾರ್ತಿನಾ?" ನಾನು ಹಾಗಂದೆನಾ? ಎರಡು ಆಟದ ಮಟ್ಟ, ಎದುರಾಳಿಗಳು, ಪೈಪೋಟಿ ಎಲ್ಲ ಬೇರೆ ಬೇರೆ, ಒಪ್ಪುತ್ತೇನೆ. ಪೋರ್ಚುಗಲ್ ಹೆಣ್ಣುಮಕ್ಕಳ ತಂಡ 2025ರ ಯೂರೋ ಕಪ್‌ನಲ್ಲೂ ಸ್ಪೇನ್ ಕೈಲಿ 5-0 ಹೊಡೆಸಿಕೊಂಡಿದೆ, ಅದನ್ನೇನು ಮುಚ್ಚಿಡುತ್ತಿಲ್ಲ. ನಾನು ಹೇಳುತ್ತಿರುವುದು ಬರೀ ಲೆಕ್ಕ. ಲೆಕ್ಕದಲ್ಲಿ ಒಬ್ಬರನ್ನು ಬಿಟ್ಟು "ಇಷ್ಟೇ ಜನ" ಅಂದರೆ ಅದು ಸುಳ್ಳು ಲೆಕ್ಕ.

ಇನ್ನೊಂದು ವಾದ ಇದೆ, ನಮ್ಮ ಬ್ಲಾಗ್ ಬಳಗದಲ್ಲೂ ಕೇಳಿದ್ದೇನೆ. "ಹೆಣ್ಣುಮಕ್ಕಳ ಆಟ ಜನ ನೋಡಲ್ಲ, ಅದಕ್ಕೇ ಹೆಸರಿಲ್ಲ, ದುಡ್ಡಿಲ್ಲ. ಮಾರುಕಟ್ಟೆ ಕಣಯ್ಯಾ, ಅದಕ್ಕೆ ಗಂಡು ಹೆಣ್ಣು ಗೊತ್ತಿಲ್ಲ."

ಮಾರುಕಟ್ಟೆಗೆ ಬರಬೇಕಾದರೆ ಮೊದಲು ಅಂಗಡಿ ಬಾಗಿಲು ತೆಗೆದಿರಬೇಕಲ್ಲ ಮಾರಾಯ್ರೆ! ಪೋರ್ಚುಗಲ್ ಹೆಣ್ಣುಮಕ್ಕಳ ತಂಡ ಮೊದಲ ಪಂದ್ಯ ಆಡಿದ್ದು 1981ರ ಅಕ್ಟೋಬರ್‌ನಲ್ಲಿ, ಫ್ರಾನ್ಸ್ ವಿರುದ್ಧ, ಫ್ರಾನ್ಸಿನ ನೆಲದಲ್ಲೇ. ಫಲಿತಾಂಶ 0-0. ಚೊಚ್ಚಲ ಪಂದ್ಯಕ್ಕೆ ಇದಕ್ಕಿಂತ ಇನ್ನೇನು ಬೇಕು? ಆದರೆ 1983ರ ಹೊತ್ತಿಗೆ ತಂಡವೇ ಬಂದ್ ಆಯಿತು. ಮತ್ತೆ ಶುರುವಾದದ್ದು 1993ರಲ್ಲಿ. ಹತ್ತು ವರ್ಷ ಆ ದೇಶದ ಒಬ್ಬ ಹುಡುಗಿಗೂ ದೇಶದ ಅಂಗಿ ತೊಡುವ ದಾರಿಯೇ ಇರಲಿಲ್ಲ. ಕಾರ್ಲಾ ಕೌಟೊ ಸಿಕ್ಕಿದ್ದು ಹೀಗೆ ಮುಚ್ಚಿದ್ದ ಬಾಗಿಲು ತೆರೆದ ವರ್ಷ. ಅದಕ್ಕೂ ಮೊದಲು ಆಡಬೇಕಿದ್ದ ಅಕ್ಕಂದಿರು ಎಷ್ಟಿದ್ದರೋ, ಅವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಕ್ಲಬ್ಬುಗಳ ಕಥೆಯೂ ಇದೇ. ಕಾರ್ಲಾ ಶುರುವಿನಲ್ಲಿ ಆಡಿದ್ದು ಲಿಸ್ಬನ್‌ನ ದೊಡ್ಡ ಕ್ಲಬ್ ಸ್ಪೋರ್ಟಿಂಗ್‌ಗೆ. ತೊಂಬತ್ತರ ದಶಕದ ನಡುವೆ ಸ್ಪೋರ್ಟಿಂಗ್ ತನ್ನ ಹೆಣ್ಣುಮಕ್ಕಳ ತಂಡವನ್ನು ಮುಚ್ಚಿತು. ಮತ್ತೆ ತೆರೆದದ್ದು 2016ರಲ್ಲಿ! ಬೆನ್‌ಫಿಕಾದ ತಂಡ ಕಣಕ್ಕಿಳಿದದ್ದು 2018ರಲ್ಲಿ, ಪೋರ್ಟೊ 2024ರಲ್ಲಿ. ಹಾಗಾದರೆ ನಡುವಿನ ಇಪ್ಪತ್ತು ವರ್ಷ ಆ ಆಟವನ್ನು ಜೀವಂತ ಇಟ್ಟವರು ಯಾರು? ಸಿಂತ್ರಾ ಅನ್ನುವ ಊರಿನ ಒಂದು ಪುಟ್ಟ ಕ್ಲಬ್. ಅದರ ಹೆಸರೇ "ಡಿಸೆಂಬರ್ 1". 2002ರಿಂದ 2012ರವರೆಗೆ ಸತತ 11 ಸಲ ದೇಶದ ಚಾಂಪಿಯನ್. ಕಾರ್ಲಾ ಕೌಟೊ ತುಂಬಾ ವರ್ಷ ಆಡಿದ್ದು ಅಲ್ಲೇ. 2011ರಲ್ಲಿ ಇಟಲಿಯ ಲಾಜಿಯೊ ತಂಡ ಸೇರಿದಾಗ ಆಕೆಗೆ 37 ವರ್ಷ. ಬೇರೆಯವರು ಬೂಟು ಬಿಚ್ಚಿಟ್ಟು ಕಾಮೆಂಟರಿ ಹೇಳೋಕೆ ಕೂರುವ ವಯಸ್ಸು.

2004ರಲ್ಲಿ ಗಂಡಸರ ಯೂರೋ ಕಪ್ ನಡೆಸೋಕೆ ಆ ದೇಶ 10 ಸ್ಟೇಡಿಯಂ ಸಜ್ಜು ಮಾಡಿತು. ಆಮೇಲೆ ಲೈರಿಯಾ, ಅವೈರೊ, ಫಾರೊದಲ್ಲಿ ಆ ಸ್ಟೇಡಿಯಂಗಳ ಕುರ್ಚಿ ತುಂಬಲು ಜನ ಸಿಗದೆ ಒದ್ದಾಡಿದರು. ಅವಕ್ಕೆ ಮಾತ್ರ ಯಾರೂ ಮಾರುಕಟ್ಟೆಯ ಪಾಠ ಹೇಳಲಿಲ್ಲ.

2020ರಲ್ಲಿ ಕೊರೊನಾ ನೆಪದಲ್ಲಿ ಅಲ್ಲಿನ ಫುಟ್‌ಬಾಲ್ ಫೆಡರೇಶನ್ ಒಂದು ನಿಯಮ ತರಹೊರಟಿತು. ಹೆಣ್ಣುಮಕ್ಕಳ ಲೀಗ್‌ನಲ್ಲಿ ಒಂದು ಕ್ಲಬ್ ಎಲ್ಲ ಆಟಗಾರ್ತಿಯರ ಸಂಬಳಕ್ಕೂ ಸೇರಿ ವರ್ಷಕ್ಕೆ 5,50,000 ಯೂರೋಗಿಂತ ಹೆಚ್ಚು ಕೊಡುವಂತಿಲ್ಲ. ಗಂಡಸರ ಲೀಗ್‌ಗೆ ಇಂಥ ಮಿತಿ ಇರಲಿಲ್ಲ. ದುಡ್ಡಿಲ್ಲ ಅಂತ ಕೊಡದಿರುವುದು ಬೇರೆ, ಕೊಡುತ್ತೇನೆ ಅನ್ನುವವನ ಕೈ ಹಿಡಿಯುವುದು ಬೇರೆ ಅಲ್ವಾ? ನೂರಕ್ಕೂ ಹೆಚ್ಚು ಆಟಗಾರ್ತಿಯರು ಒಟ್ಟಾಗಿ ಸಹಿ ಹಾಕಿ ದನಿ ಎತ್ತಿದರು. ಫೆಡರೇಶನ್ ಆ ಮಿತಿಯನ್ನು ವಾಪಸ್ ತೆಗೆದುಕೊಂಡಿತು.

ಬಾಗಿಲು ತೆರೆದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ. 2017ರಲ್ಲಿ ಪೋರ್ಚುಗಲ್ ಮೊದಲ ಸಲ ಯೂರೋ ಕಪ್ ಆಡಿತು, ಸ್ಕಾಟ್ಲೆಂಡನ್ನು 2-1ರಿಂದ ಸೋಲಿಸಿತು. 2023ರ ಫೆಬ್ರವರಿಯಲ್ಲಿ ಕ್ಯಾಮರೂನ್ ಮೇಲೆ ಕೊನೇ ಗಳಿಗೆಯ ಪೆನಾಲ್ಟಿಯಿಂದ ಗೆದ್ದು ಮೊದಲ ವಿಶ್ವಕಪ್‌ಗೆ ಹೋಯಿತು. ಆಗಸ್ಟ್ 1ರಂದು ಆಕ್ಲೆಂಡ್‌ನಲ್ಲಿ ಎದುರಾಳಿ ನಾಲ್ಕು ಸಲ ವಿಶ್ವಕಪ್ ಗೆದ್ದ ಅಮೆರಿಕ. ನಮ್ಮಲ್ಲಿ ಮಧ್ಯಾಹ್ನ ಊಟದ ಹೊತ್ತು. ಡಬ್ಬಿ ಪಕ್ಕದಲ್ಲಿ ಮೊಬೈಲ್ ಒರಗಿಸಿಟ್ಟು ನೋಡಿದೆ. 0-0. ಹೆಚ್ಚುವರಿ ನಿಮಿಷಗಳಲ್ಲಿ ಅನಾ ಕಪೇಟಾ ಹೊಡೆದ ಚೆಂಡು ಕಂಬಕ್ಕೆ ಬಡಿದು ಹೊರಬಂತು. ಆ ಚೆಂಡು ಒಂದು ಗೇಣು ಒಳಗೆ ಹೋಗಿದ್ದರೆ ಅಮೆರಿಕ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟುತ್ತಿತ್ತು. ನನ್ನ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿದಿತ್ತು. ಕಾರ್ಲಾ ಕೌಟೊಗೆ ಅಂಥ ಒಂದು ಮಧ್ಯಾಹ್ನವೂ ಸಿಗಲಿಲ್ಲ. 145 ಪಂದ್ಯ ಆಡಿಯೂ ಒಂದು ಯೂರೋ ಕಪ್ ಇಲ್ಲ, ಒಂದು ವಿಶ್ವಕಪ್ ಇಲ್ಲ.

ಆ 145 ಈಗ ದಾಖಲೆಯಾಗಿ ಉಳಿದಿಲ್ಲ. ಅನಾ ಬೋರ್ಜೆಸ್, ಡೊಲೊರೆಸ್ ಸಿಲ್ವಾ ಅದನ್ನು ದಾಟಿದ್ದಾರೆ, ರೊನಾಲ್ಡೊ ಅಂತೂ 200 ದಾಟಿದ್ದಾನೆ. ಆದ್ದರಿಂದ ಇವತ್ತು ಹಳೇ ವಾಕ್ಯ ಸರಿಯೇ ಅನ್ನಬಹುದು. ಆದರೆ 2016ರಲ್ಲಿ ಅದು ಸುಳ್ಳು. ಆಕೆಗೆ ವಿಶ್ವಕಪ್ ಕೊಡಿಸುವುದು ನಮ್ಮ ಕೈಲಿಲ್ಲ. ಆಕೆಯ ಹತ್ತಿರ ನಿಜವಾಗಿ ಇದ್ದ ಒಂದೇ ಒಂದು ದಾಖಲೆಯನ್ನೂ ನಾವು ಬರೆಯುವವರು ಒಂದು ಪದ ಬಿಟ್ಟು ಕಿತ್ತುಕೊಂಡೆವಲ್ಲ, ಅದು ನನಗೆ ಚುಚ್ಚುತ್ತದೆ.

ಬ್ಲಾಗ್ ಗೆಳೆಯರೇ, ಕೇಳುತ್ತಿರುವುದು ಇಷ್ಟೇ. ಮುಂದಿನ ಸಲ "ಅತಿ ಹೆಚ್ಚು", "ಮೊಟ್ಟಮೊದಲ" ಅಂತ ಟೈಪ್ ಮಾಡುವಾಗ ಒಂದು ನಿಮಿಷ ನಿಲ್ಲಿಸಿ, ಹುಡುಕಿ ನೋಡಿ. ಬೇಕಿದ್ದರೆ "ಪುರುಷರಲ್ಲಿ" ಅಂತ ಸೇರಿಸಿ. ಐದೇ ಅಕ್ಷರ, ಕೀಬೋರ್ಡೇನೂ ಸವೆಯುವುದಿಲ್ಲ.

ನನ್ನ 2016ರ ಪೋಸ್ಟನ್ನು ನಿನ್ನೆ ರಾತ್ರಿ ತಿದ್ದಿದ್ದೇನೆ. ಅಳಿಸಿಲ್ಲ. ತಪ್ಪು ವಾಕ್ಯದ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಕಾರ್ಲಾ ಕೌಟೊ, 145 ಅಂತ ಬರೆದಿದ್ದೇನೆ. ಬೈಯುವವರು ಕೆಳಗೆ ಕಾಮೆಂಟಿನಲ್ಲಿ ಬೈಯಬಹುದು.