ಬದುಕುವ ಊರಲ್ಲೇ ಓಟು ಇರಲಿ

2020ರ ಜನವರಿ 22ರಂದು ಹೈದರಾಬಾದಿನ ಅಂಚಿನಲ್ಲಿರುವ ಮಣಿಕೊಂಡ ತನ್ನ ಮೊದಲ ಪುರಸಭೆಯನ್ನು ಆರಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 22 ಮತ್ತು 27ರಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳಿಗೆ ಮತದಾನವಾಯಿತು. ಮಣಿಕೊಂಡದಲ್ಲಿ ಬದುಕುವ ನಮ್ಮ ಕಡೆಯ ಎಷ್ಟೋ ಜನ ಡಿಸೆಂಬರಿನ ಚುನಾವಣೆಗೆ ಕೆಲಸ ಬಿಟ್ಟು ರಾಯಚೂರು, ಯಾದಗಿರಿ ಕಡೆಗೆ ಹೋದರು. ಊರಿನ ಅಭ್ಯರ್ಥಿಗಳು ಹೆಸರು ಹಿಡಿದು ಫೋನು ಮಾಡಿದ್ದರು, ಕೆಲವರಿಗೆ ಕ್ರೂಸರ್ ಗಾಡಿಯೂ ಬಂದಿತ್ತು. ಜನವರಿಯಲ್ಲಿ ಅವರೇ ಇಲ್ಲಿನ ಮತಗಟ್ಟೆಯನ್ನು ಹಾದು ಕೆಲಸಕ್ಕೆ ಹೋಗಿದ್ದರು. ಮಣಿಕೊಂಡದ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಇದರಿಂದ ಎರಡೂ ಊರಿಗೆ ನಷ್ಟ. ಮತ ಹಾಕಿ ಮರುದಿನ ಬಸ್ಸು ಹತ್ತುವವರು ಹಳ್ಳಿಯ ಸದಸ್ಯನನ್ನು ಐದು ವರ್ಷ ಪ್ರಶ್ನಿಸಲು ಅಲ್ಲಿರುವುದಿಲ್ಲ. ಇಲ್ಲಿ ದಿನವೂ ಕೆಸರು ತುಳಿಯುವವರಿಗೆ ಇಲ್ಲಿನ ಸದಸ್ಯ ಉತ್ತರ ಕೊಡಬೇಕಾಗಿಲ್ಲ. ನಾವು ದುಡಿದು, ಮಕ್ಕಳನ್ನು ಓದಿಸಿ, ಮುಪ್ಪಾಗುವ ಊರಲ್ಲೇ ನಮ್ಮ ಓಟಿರಬೇಕು. ಆ ಊರಿನ ವಾರ್ಡಿಗೆ ನಮ್ಮೊಳಗಿಂದಲೂ ಅಭ್ಯರ್ಥಿಗಳು ನಿಲ್ಲಬೇಕು.

ನಾನು ರಾಯಚೂರು ಕಡೆಯ ಮಾನ್ವಿ ತಾಲೂಕಿನ ಹಳ್ಳಿಯವಳು. ಮಣಿಕೊಂಡ ಇನ್ನೂ ಪಂಚಾಯಿತಿಯಾಗಿದ್ದಾಗಲೇ ಇಲ್ಲಿಗೆ ಬಂದೆವು. ಬಂಡೆಗುಡ್ಡ, ಕೆರೆ, ನಡುವೆ ಒಂದಿಷ್ಟು ಮನೆ ಇದ್ದ ಊರು ಗಚ್ಚಿಬೌಲಿಯ ಐಟಿ ಕಂಪನಿಗಳ ಬೆನ್ನಿಗೆ ನೋಡನೋಡುತ್ತ ಮೇಲೆದ್ದಿತು. 2018ರಲ್ಲಿ ಮಣಿಕೊಂಡ, ಪುಪ್ಪಾಲಗುಡ, ನೆಕ್ನಾಂಪುರ ಪಂಚಾಯಿತಿಗಳು ಸೇರಿ ಪುರಸಭೆಯಾಯಿತು, 20 ವಾರ್ಡುಗಳಾದವು. ಎತ್ತಿನ ಬಂಡಿ ಓಡಾಡುತ್ತಿದ್ದ ದಾರಿಗಳ ಎರಡೂ ಬದಿಗೆ ಐದೈದು ಅಂತಸ್ತು ಎದ್ದವು. ಚರಂಡಿ ಮಾತ್ರ ಹಳ್ಳಿಯ ಅಳತೆಯಲ್ಲೇ ಉಳಿಯಿತು.

ಅದರ ಬೆಲೆ ಏನೆಂದು 2021ರ ಸೆಪ್ಟೆಂಬರಿನಲ್ಲಿ ಊರೇ ಕಂಡಿತು. ಜೋರು ಮಳೆಯ ರಾತ್ರಿ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಚರಂಡಿ ಕೆಲಸಕ್ಕೆಂದು ತೋಡಿದ್ದ ಗುಂಡಿಗೆ ಬಿದ್ದು ಕೊಚ್ಚಿಹೋದರು. ಹುಡುಕಾಟದ ಕೊನೆಗೆ ಅವರ ದೇಹ ಸಿಕ್ಕಿದ್ದು ನೆಕ್ನಾಂಪುರ ಕೆರೆಯಲ್ಲಿ. ತೋಡಿದ ಗುಂಡಿಗೆ ಬೇಲಿ, ಕೆಂಪು ದೀಪ, ಒಬ್ಬ ಕಾವಲುಗಾರ: ಇವನ್ನು ಕೇಳಿ ಮಾಡಿಸುವುದು ಶಾಸಕರಿಂದಲೋ ಸಂಸದರಿಂದಲೋ ಆಗುವ ಕೆಲಸವಲ್ಲ. ಆ ಬೀದಿಯಲ್ಲಿ ಬೆಳಿಗ್ಗೆ ಸಂಜೆ ನಡೆದಾಡುವ, ಗುತ್ತಿಗೆದಾರನ ಮುಂದೆ ನಿಂತು ಕೇಳಬಲ್ಲ ವಾರ್ಡ್ ಸದಸ್ಯರಿಂದ ಆಗುವ ಕೆಲಸ.

ಅಂಥ ಸದಸ್ಯೆಯನ್ನು ನಾನು ಕಂಡಿದ್ದೇನೆ. ಅಬ್ದುಲ್ ನಜೀರ್ ಸಾಬರು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ, 1983ರ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆಯಿತು. ಹೆಂಗಸರಿಗೆ ಶೇ 25 ಸ್ಥಾನ ಮೀಸಲಾಗಿದ್ದರಿಂದ ನಮ್ಮ ದೊಡ್ಡವ್ವ ಸದಸ್ಯೆಯಾದಳು. ಓದು ಬಾರದಿದ್ದರೂ ಯಾವ ಕೇರಿಯ ಬೋರಿಂಗ್ ಎಂದು ಕೆಟ್ಟಿತು, ಯಾವ ಮನೆಯ ಸೊಸೆ ಎಷ್ಟು ದೂರದಿಂದ ಕೊಡ ಹೊರುತ್ತಾಳೆ ಎಂಬುದೆಲ್ಲ ಅವಳ ಬಾಯಲ್ಲಿತ್ತು. ಬೆಳಗಾದರೆ ಜನ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಅವಳು ಮಂಡಲದ ಸಭೆಯಲ್ಲಿ ಕೇಳುತ್ತಿದ್ದದ್ದು ಅವರು ಹೇಳಿದ್ದನ್ನೇ. ಐದು ವರ್ಷದ ನಂತರ 73 ಮತ್ತು 74ನೇ ಸಂವಿಧಾನ ತಿದ್ದುಪಡಿಗಳು ಹಳ್ಳಿ ಪಟ್ಟಣಗಳೆರಡಕ್ಕೂ ಇಂಥ ಸಭೆಗಳನ್ನು ಹಕ್ಕಾಗಿ ಕೊಟ್ಟವು. ಇಂದು ತೆಲಂಗಾಣದ ಪುರಸಭೆಗಳಲ್ಲಿ ಅರ್ಧದಷ್ಟು ವಾರ್ಡುಗಳು ಹೆಂಗಸರಿಗೆ ಮೀಸಲು.

ಹಾಗಿದ್ದೂ ನಮ್ಮವರು ಯಾಕೆ ಹೆಸರು ಬದಲಾಯಿಸುವುದಿಲ್ಲ? ನಮ್ಮ ಬೀದಿಯ ಕೊನೆಗೆ ಸೆಂಟ್ರಿಂಗ್ ಕೆಲಸದವರ ತಗಡಿನ ಶೆಡ್ಡುಗಳಿವೆ. ಸಿರವಾರ ಕಡೆಯ ಹೆಣ್ಣುಮಗಳೊಬ್ಬಳು ನನ್ನನ್ನು ಕೇಳಿದಳು: “ಇಲ್ಲಿ ಓಟ್ ಮಾಡಿಸಿದ್ರ ಊರಾಗಿನ ರೇಷನ್ ಕಾರ್ಡ್ ಹೋಗ್ತದಂತ, ಹೊಲಾನೂ ಹೋಗ್ತದಂತ. ಖರೇ ಏನ್ರಿ ಅಕ್ಕಾರ?” ಆ ಅಂಜಿಕೆ ಬಹಳ ಮನೆಗಳಲ್ಲಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಮತದಾರರ ಪಟ್ಟಿಯೇ ಬೇರೆ, ಪಹಣಿಯೇ ಬೇರೆ. ಓಟು ಬದಲಾಯಿಸಿದ ಮಾತ್ರಕ್ಕೆ ಹೊಲ ಯಾರದೂ ಹೋಗುವುದಿಲ್ಲ, ಪಡಿತರ ಚೀಟಿಯೂ ಹೋಗುವುದಿಲ್ಲ.

ಬದುಕುವ ಊರಲ್ಲೇ ಓಟಿರಬೇಕೆಂದು ಕಾನೂನೂ ಹೇಳುತ್ತದೆ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ ಇರಬೇಕು, ಅದೂ ಅವರು ಸಾಮಾನ್ಯವಾಗಿ ವಾಸವಿರುವ ಕಡೆ. ಊರಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ವಾಸಿ ಎನಿಸುವುದಿಲ್ಲ. ವಾಸ ಬದಲಾಗಿದ್ದರೆ ನಮೂನೆ 8, ಹೊಸದಾಗಿ ಸೇರುವುದಾದರೆ ನಮೂನೆ 6. ಫೋನಿನಲ್ಲೇ ತುಂಬಬಹುದು. ವಯಸ್ಸು 21 ತುಂಬಿ, ಹೆಸರು ಇಲ್ಲಿನ ಪಟ್ಟಿಗೆ ಬಂದರೆ ಸ್ಪರ್ಧಿಸುವ ದಾರಿಯೂ ತೆರೆಯುತ್ತದೆ.

ನಾವು ಹೊರಗಿನವರು, ನಮ್ಮನ್ನು ಯಾರು ಗೆಲ್ಲಿಸುತ್ತಾರೆ ಎನ್ನುವವರಿದ್ದಾರೆ. 1956ರವರೆಗೆ ರಾಯಚೂರು, ಗುಲ್ಬರ್ಗ, ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮಾನ್ವಿಯ ಸಂತೆಯಲ್ಲಿ ತೆಲುಗು ಕೇಳಿಕೊಂಡೇ ನಾವು ಬೆಳೆದದ್ದು. ಮಣಿಕೊಂಡದಲ್ಲಿ ಈಗ ಆಂಧ್ರ, ಒಡಿಶಾ, ಬಿಹಾರ ಎಲ್ಲ ಕಡೆಯವರಿದ್ದಾರೆ. ಎಲ್ಲರ ನೀರಿನ ಟ್ಯಾಂಕರೂ ಅದೇ ಗಲ್ಲಿಗೆ ಬರುತ್ತದೆ. ಕನ್ನಡದವರೆಂದು ಓಟು ಕೇಳಬೇಕಾಗಿಲ್ಲ, ಈ ಗಲ್ಲಿಯವರೆಂದು ಕೇಳೋಣ.

ನನ್ನಂಥ ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನಾನು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ. ಲಿಫ್ಟು, ಜನರೇಟರು, ಕಾವಲುಗಾರರ ಸಂಬಳ ನೋಡಿಕೊಳ್ಳುತ್ತೇವೆ. ನಮ್ಮ ಗೇಟಿನೊಳಗೆ ಎಲ್ಲವೂ ಸರಿಯಾಗಿದೆ. ಗೇಟಿನಾಚೆ ಏನಾಗಬೇಕೆಂದು ತೀರ್ಮಾನಿಸುವ ಹಕ್ಕು ಸಂಘಕ್ಕಿಲ್ಲ. ನಮ್ಮೊಳಗಿಂದ ನಿಲ್ಲುವವರು ಗೇಟಿನೊಳಗಿನ ಪಾರ್ಕಿಂಗಿಗಾಗಿ ನಿಂತರೆ ಊರಿನ ಮೂಲನಿವಾಸಿಗಳು ನಂಬುವುದಿಲ್ಲ, ನಂಬಲೂಬಾರದು. ಹಳೆಯ ಊರಿನ ಓಣಿ, ಶೆಡ್ಡುಗಳು, ಫ್ಲಾಟುಗಳು ಮೂರರ ಚರಂಡಿಯೂ ಕೊನೆಗೆ ಒಂದೇ ಕೆರೆಗೆ ಇಳಿಯುತ್ತದೆ. ಅದೇ ನೆಕ್ನಾಂಪುರ ಕೆರೆಯಲ್ಲಿ 2018ರಲ್ಲಿ ಸ್ವಯಂಸೇವಕರು ಕೊಳಚೆ ಹೀರುವ ಗಿಡಗಳನ್ನು ತೇಲುವ ಹಾಸಿನ ಮೇಲೆ ಬೆಳೆಸಿ ನೀರು ತಿಳಿಯಾಗಿಸಲು ದುಡಿದರು. ಸಂಬಳವಿಲ್ಲದೆ ಅಷ್ಟು ಮಾಡಬಲ್ಲವರು ಇರುವ ಊರಿಗೆ ಒಳ್ಳೆಯ ಅಭ್ಯರ್ಥಿಗಳ ಬರ ಇರಬಾರದು. 2019ರ ತೆಲಂಗಾಣ ಪುರಸಭೆಗಳ ಕಾಯ್ದೆ ಬಜೆಟ್ಟಿನ ಶೇ 10ನ್ನು ಹಸಿರಿಗೆ ಮೀಸಲಿಡಬೇಕೆಂದಿತು. ಪ್ರತಿ ವಾರ್ಡಿಗೂ ಯುವಕರ, ಹೆಂಗಸರ, ಹಿರಿಯರ, ಗಣ್ಯ ನಾಗರಿಕರ ನಾಲ್ಕು ಸಮಿತಿ ಬೇಕೆಂದಿತು. ಕೇಳಿ ಮಾಡಿಸುವವರು ಇದ್ದರೆ ಮಾತ್ರ ಅಂಥ ಕಲಮುಗಳಿಗೆ ಜೀವ ಬರುತ್ತದೆ.

ಈಗ ನನ್ನ ದೊಡ್ಡ ಕಳವಳಕ್ಕೆ ಬರುತ್ತೇನೆ. ಮಣಿಕೊಂಡದ ಮೊದಲ ಪುರಸಭೆಯ ಅವಧಿ 2025ರ ಜನವರಿಯಲ್ಲಿ ಮುಗಿಯಿತು, ಚುನಾವಣೆಯ ಬದಲು ವಿಶೇಷಾಧಿಕಾರಿ ಬಂದರು. ಅದೇ ವರ್ಷದ ಕೊನೆಗೆ ಹೊರವರ್ತುಲ ರಸ್ತೆಯ ಆಸುಪಾಸಿನ 27 ಪುರಸಭೆ, ನಗರಪಾಲಿಕೆಗಳನ್ನು ಗ್ರೇಟರ್ ಹೈದರಾಬಾದಿಗೆ ಸೇರಿಸಲು ತೀರ್ಮಾನವಾಯಿತು, ಮಣಿಕೊಂಡವೂ ಅದರಲ್ಲಿ ಸೇರಿತು. 20 ಜನ ಸದಸ್ಯರಿದ್ದ ಊರಿಗೆ ಇನ್ನು ಬೆರಳೆಣಿಕೆಯ ಕಾರ್ಪೊರೇಟರುಗಳು. ಸೇರ್ಪಡೆಯಿಂದ ದೊಡ್ಡ ಪೈಪು, ದೊಡ್ಡ ರಸ್ತೆ ಬರಬಹುದು, ಬರಲಿ. ಆದರೆ ವಾರ್ಡು ಹಿಗ್ಗಿದಷ್ಟೂ ಸದಸ್ಯ ದೂರವಾಗುತ್ತಾನೆ, ಚುನಾವಣೆಗೆ ಬೇಕಾಗುವ ಹಣ ಹೆಚ್ಚುತ್ತದೆ, ದೊಡ್ಡವ್ವನಂಥವರು ನಿಲ್ಲುವುದು ಕಷ್ಟವಾಗುತ್ತದೆ. ಸೇರ್ಪಡೆಯ ನಂತರದ ಕಾಯುವಿಕೆ ಬೆಂಗಳೂರಿನವರಿಗೆ ಹೊಸದಲ್ಲ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಆ ಮಹಾನಗರಕ್ಕೆ ಚುನಾಯಿತ ಪಾಲಿಕೆಯೇ ಇರಲಿಲ್ಲ. ಹಾಗಾಗಿ ಎರಡನ್ನು ಕೇಳುತ್ತೇನೆ: ವಾರ್ಡುಗಳು ಚಿಕ್ಕದಾಗಿರಲಿ, ಚುನಾವಣೆ ಅವಧಿಗೆ ಸರಿಯಾಗಿ ನಡೆಯಲಿ.

ಮುಂದಿನ ವಾರ್ಡ್ ಚುನಾವಣೆ ಯಾವ ಹೆಸರಿನ ಪಾಲಿಕೆಗೆ ಬಂದರೂ, ಮೀಸಲಾತಿ ಒದಗಿದರೆ ನಾನು ನಾಮಪತ್ರ ಸಲ್ಲಿಸುತ್ತೇನೆ. ಒದಗದಿದ್ದರೆ ನಿಲ್ಲುವ ಯೋಗ್ಯರಿಗಾಗಿ ಮನೆ ಮನೆಗೆ ಹೋಗುತ್ತೇನೆ. ನಮ್ಮೂರಿನ ಜಾತ್ರೆಗೆ ಹೋಗೋಣ, ಹೊಲ ನೋಡಿಕೊಂಡು ಬರೋಣ, ಅಲ್ಲಿನ ಶಾಲೆಗೆ ಕೈಲಾದದ್ದು ಕೊಡೋಣ. ಓಟನ್ನು ಮಾತ್ರ ಬದುಕುವ ಊರಿಗೆ ತರೋಣ. ಈ ವಾರವೇ ನಿಮ್ಮ ಮನೆಯವರೆಲ್ಲರ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ನೋಡಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ತಡವಾಗುತ್ತದೆ.