ಚಕ್ರದ ನಡುವಿನ ಆ ಸಣ್ಣ ರಿಂಗ್ ಬೇಕೇ, ಬೇಡವೇ?

ಕಳೆದ ರಂಜಾನ್ ಹಬ್ಬಕ್ಕೆ ಎರಡು ದಿನ ಮೊದಲು ನನ್ನ ಅಣ್ಣ ತನ್ನ ಸ್ವಿಫ್ಟ್ ಕಾರಿಗೆ ಹೊಸ ಅಲಾಯ್ ಚಕ್ರ ಹಾಕಿಸಿದ. ನೋಡಲು ಚೆನ್ನಾಗಿಯೇ ಇತ್ತು. ಹಬ್ಬದ ಮರುದಿನ ಮನೆಯವರೆಲ್ಲ ಅಜ್ಜಿ ಮನೆಗೆ ಹೊರಟೆವು. ಹೆದ್ದಾರಿಗೆ ಬಂದು ಕಾರು 80 ಕಿ.ಮೀ. ವೇಗ ಮುಟ್ಟಿದಾಗ ಸ್ಟೀರಿಂಗ್ ಗಡಗಡ ನಡುಗತೊಡಗಿತು. ಅಮ್ಮ ಹೆದರಿ 'ನಿಧಾನ ಹೋಗು' ಎಂದರು. ವಾಪಸ್ ಬಂದು ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗಲಿಲ್ಲ. ಎರಡೂ ಸಲ ಯಂತ್ರ ತೋರಿಸಿದ್ದು ಸೊನ್ನೆ! ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ, ಅದರ ನಡುವಿನ ರಂಧ್ರ ತೋರಿಸಿ 'ಇದಕ್ಕೆ ರಿಂಗೇ ಹಾಕಿಲ್ಲವಲ್ಲ' ಎಂದರು.

ಇದನ್ನು ತರಗತಿಯಲ್ಲಿ ಹೇಳಿದಾಗ ಗೆಳೆಯರಲ್ಲಿ ಎರಡು ಪಕ್ಷವಾಯಿತು. ರಿಂಗ್ ಇಲ್ಲದಿದ್ದರೆ ಬೋಲ್ಟ್ ತುಂಡಾಗಿ ಚಕ್ರವೇ ಕಳಚಿ ಬೀಳುತ್ತದೆ ಎಂದರು ಕೆಲವರು. ಅದೆಲ್ಲ ಅಂಗಡಿಯವರು ಹಣ ಕೀಳುವ ಉಪಾಯ, ಚಕ್ರವನ್ನು ಹಿಡಿಯುವುದು ನಟ್ ಮಾತ್ರ ಎಂದರು ಇನ್ನು ಕೆಲವರು. ನನ್ನ ಪ್ರಕಾರ ಎರಡೂ ಪಕ್ಷದವರು ಅರ್ಧ ಸರಿ, ಅರ್ಧ ತಪ್ಪು. ಪ್ರಥಮ ಪಿಯುಸಿಯ ಭೌತಶಾಸ್ತ್ರವೇ ಇದನ್ನು ತೀರ್ಮಾನಿಸಲು ಸಾಕು.

ಮೊದಲು ರಿಂಗ್ ಎಂದರೇನು ನೋಡೋಣ. ಚಕ್ರ ಕೂರುವ ಹಬ್‌ನ ನಡುವೆ ಒಂದು ಉಬ್ಬು ಇರುತ್ತದೆ. ಸ್ವಿಫ್ಟ್‌ನಲ್ಲಿ ಅದರ ವ್ಯಾಸ 54.1 ಮಿ.ಮೀ. ಕಂಪನಿ ಕೊಡುವ ಚಕ್ರದ ನಡುವಿನ ರಂಧ್ರವೂ ಅಷ್ಟೇ ಇರುವುದರಿಂದ ಚಕ್ರ ತಾನಾಗಿ ಮಧ್ಯದಲ್ಲಿ ಕೂರುತ್ತದೆ. ಹೊರಗಿನ ಅಲಾಯ್ ತಯಾರಕರು ಒಂದೇ ಚಕ್ರವನ್ನು ಹಲವು ಕಾರುಗಳಿಗೆ ಮಾರಬೇಕು. ಅದಕ್ಕಾಗಿ ರಂಧ್ರವನ್ನು ದೊಡ್ಡದಾಗಿಯೇ ಮಾಡುತ್ತಾರೆ. 73.1 ಮಿ.ಮೀ. ಎಂಬುದು ಸಾಮಾನ್ಯ ಅಳತೆ. ಆಗ ಸುತ್ತಲೂ 9.5 ಮಿ.ಮೀ. ಖಾಲಿ ಜಾಗ ಉಳಿಯುತ್ತದೆ. ಅದನ್ನು ತುಂಬುವುದೇ ಹಬ್ ರಿಂಗ್.

ಹಾಗಾದರೆ ಕಾರಿನ ಭಾರವನ್ನು ರಿಂಗ್ ಹೊರುತ್ತದೆಯೇ? ಇಲ್ಲ. 12 ಮಿ.ಮೀ. ಬೋಲ್ಟಿನ ನಟ್ಟನ್ನು 100 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ ಬಿಗಿದರೆ ಅದು ಚಕ್ರವನ್ನು ಹಬ್‌ಗೆ ಸುಮಾರು 40,000 ನ್ಯೂಟನ್ ಬಲದಿಂದ ಒತ್ತುತ್ತದೆ. ಅಂದರೆ 4 ಟನ್ ತೂಕದಷ್ಟು. ನಾಲ್ಕು ನಟ್‌ಗಳಿಗೆ 16 ಟನ್. ಘರ್ಷಣಾ ಗುಣಾಂಕ ಬರೀ 0.15 ಎಂದು ಹಿಡಿದರೂ ಚಕ್ರ ಜಾರದಂತೆ ತಡೆಯುವ ಬಲ 2.4 ಟನ್ ತೂಕಕ್ಕೆ ಸಮ. ಜನ, ಸಾಮಾನು ತುಂಬಿದ ಸ್ವಿಫ್ಟ್‌ನ ಒಂದು ಚಕ್ರದ ಮೇಲೆ ಬೀಳುವ ಭಾರ 350 ಕಿಲೋ ಆಸುಪಾಸು. ಹೀಗಾಗಿ ಭಾರ ಹೊರುವುದು ಬಿಗಿತದಿಂದ ಹುಟ್ಟಿದ ಘರ್ಷಣೆ. ಎಷ್ಟೋ ರಿಂಗ್‌ಗಳು ಬರೀ ಪ್ಲಾಸ್ಟಿಕ್‌ನವು. ಭಾರ ಹೊರುವುದೇ ಅವುಗಳ ಕೆಲಸವಾಗಿದ್ದರೆ ಒಂದು ದಿನವೂ ಬಾಳುತ್ತಿರಲಿಲ್ಲ.

ಹಾಗೆಂದು ರಿಂಗ್ ವ್ಯರ್ಥವಲ್ಲ. ಅದರ ಕೆಲಸ ಚಕ್ರ ಬಿಗಿಯುವ ಆ ಐದು ನಿಮಿಷದಲ್ಲಿದೆ. ಟೈರ್ ಸಹಿತ ಚಕ್ರದ ತೂಕ 15 ಕಿಲೋ ಎಂದುಕೊಳ್ಳಿ. ಅದು ಮಧ್ಯದಿಂದ ಅರ್ಧ ಮಿ.ಮೀ. ಸರಿದು ಕೂತರೆ, 15 ಇಂಚಿನ ರಿಮ್ಮಿನ ಅಂಚಿಗೆ ಸುಮಾರು 40 ಗ್ರಾಂ ತೂಕ ಅಂಟಿಸಿದಷ್ಟೇ ಪರಿಣಾಮ. 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 11 ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಪ್ರತಿ ಸುತ್ತಿಗೂ ಸುಮಾರು 4 ಕಿಲೋ ತೂಕದಷ್ಟು ಬಲ ಹಬ್ಬನ್ನು ಎಳೆಯುತ್ತದೆ. 100 ಕಿ.ಮೀ. ವೇಗದಲ್ಲಿ ಅದು 6 ಕಿಲೋ ಆಗುತ್ತದೆ. ಅಣ್ಣನ ಕೈಯಲ್ಲಿ ಸ್ಟೀರಿಂಗ್ ನಡುಗಿದ್ದು ಇದರಿಂದ. ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ನಡುವಿನ ರಂಧ್ರದಿಂದಲೇ ಹಿಡಿದು ತಿರುಗಿಸುತ್ತದೆ. ಅಲ್ಲಿ ಚಕ್ರ ಮಧ್ಯದಲ್ಲೇ ಇರುವುದರಿಂದ ಯಂತ್ರ ಸೊನ್ನೆ ತೋರಿಸುತ್ತದೆ. ತಪ್ಪು ಇರುವುದು ಕಾರಿಗೆ ಜೋಡಿಸಿದ ರೀತಿಯಲ್ಲಿ.

'ನಟ್‌ನ ತುದಿ ಶಂಕುವಿನಾಕಾರ ಇರುತ್ತದೆ, ಅದೇ ಚಕ್ರವನ್ನು ಮಧ್ಯಕ್ಕೆ ತರುವುದಿಲ್ಲವೇ?' ಎಂದು ಒಬ್ಬ ಗೆಳೆಯ ಕೇಳಿದ. ನಿಜ, ತರುತ್ತದೆ. ಆದರೆ ಚಕ್ರ ನೆಲದಿಂದ ಮೇಲಿರುವಾಗಲೇ ಎಲ್ಲ ನಟ್‌ಗಳನ್ನು ಕೈಯಿಂದ ತಿರುಗಿಸಿ, ಎದುರುಬದುರು ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದರೆ ಮಾತ್ರ. ಗಿರಾಕಿಗಳು ಸಾಲುಗಟ್ಟಿ ನಿಂತಾಗ ಗಾಳಿ ಗನ್ ಹಿಡಿದು ಮೊದಲ ನಟ್ಟನ್ನೇ ಪೂರ್ತಿ ಬಿಗಿದರೆ, ಚಕ್ರ ತನ್ನ ತೂಕಕ್ಕೆ ಜಗ್ಗಿದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ರಿಂಗ್ ಇದ್ದರೆ ಈ ತಪ್ಪಿಗೆ ಜಾಗವಿಲ್ಲ. ಆದ್ದರಿಂದ ಹೊಸ ಅಲಾಯ್ ಹಾಕಿಸುವವರು ರಿಂಗ್ ಹಾಕಿಸಲೇಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ರಿಂಗ್ ಹಾಕಿದ ಮಾತ್ರಕ್ಕೆ ಸುರಕ್ಷಿತ ಎಂದು ನಂಬುವುದು ಇನ್ನೂ ದೊಡ್ಡ ತಪ್ಪು. ಚಕ್ರ ಕಳಚುವ ಅಪಾಯ ಇರುವುದು ನಟ್‌ನಲ್ಲಿ. ಮಾರುತಿ ಕಾರಿನ ನಟ್‌ನ ಎಳೆಯ ಅಂತರ 1.25 ಮಿ.ಮೀ., ಹ್ಯುಂಡೈನದು 1.5 ಮಿ.ಮೀ. ಎರಡೂ ನೋಡಲು ಒಂದೇ ಥರ. ಒಂದರ ನಟ್ಟನ್ನು ಇನ್ನೊಂದಕ್ಕೆ ಗನ್‌ನಿಂದ ನುಗ್ಗಿಸಿದರೆ ಎಳೆ ಹಾಳಾಗುತ್ತದೆ. ಹೋಂಡಾ ಕಂಪನಿಯ ಚಕ್ರದ ನಟ್‌ನ ತುದಿ ಗೋಳಾಕಾರ, ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಬೇಕಾಗುವುದು ಶಂಕುವಿನಾಕಾರ. ಹಳೆಯ ನಟ್ಟನ್ನೇ ಹಾಕಿದರೆ ಅದು ಅಂಚಿನಲ್ಲಷ್ಟೇ ತಾಗಿ ಕ್ರಮೇಣ ಸಡಿಲವಾಗುತ್ತದೆ. ಯಾವ ರಿಂಗೂ ಇದನ್ನು ತಡೆಯಲಾರದು.

ನಮ್ಮಲ್ಲಿ ಕೆಲವರು ರಜೆಯಲ್ಲಿ, ಭಾನುವಾರಗಳಲ್ಲಿ ಟೈರ್ ಅಂಗಡಿ, ಗ್ಯಾರೇಜುಗಳಲ್ಲಿ ಕೆಲಸ ಮಾಡುತ್ತಾರೆ. ಕೆಲವರ ತಂದೆ, ಅಣ್ಣಂದಿರ ಕಸುಬೇ ಅದು. ಅವರಿಗೆ ನನ್ನ ವಿನಂತಿ ಇಷ್ಟೇ. ಹಬ್‌ನ ತುಕ್ಕು ಉಜ್ಜಿ ತೆಗೆಯಿರಿ. ಅಳತೆಗೆ ಸರಿಯಾದ ರಿಂಗ್ ಹಾಕಿ, ನಟ್ಟನ್ನು ಮೊದಲು ಕೈಯಿಂದ ತಿರುಗಿಸಿ. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಬಳಸಿ, ಕಾರಿನ ಕೈಪಿಡಿಯಲ್ಲಿರುವ ಅಂಕಿಯಷ್ಟೇ ಬಿಗಿಯಿರಿ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೆ ಬಂದು ಪರೀಕ್ಷಿಸಿಕೊಳ್ಳಲು ಗಿರಾಕಿಗೆ ಹೇಳಿ.

ಅಳತೆಯಲ್ಲಿ, ತೂಕದಲ್ಲಿ ಕಡಿಮೆ ಕೊಡುವುದು ಪಾಪ ಎಂದು ಮದ್ರಸದಲ್ಲಿ ಚಿಕ್ಕಂದಿನಲ್ಲೇ ಕಲಿತವರು ನಾವು. ಗಿರಾಕಿಗೆ ಕಾಣದ ಜಾಗದಲ್ಲಿ ಒಂದು ರಿಂಗ್ ಬಿಟ್ಟುಬಿಡುವುದೂ ಕಡಿಮೆ ಅಳತೆಯೇ. ರಿಂಗ್ ಇಲ್ಲದಿದ್ದರೆ ಸತ್ತೇಹೋಗುತ್ತೀರಿ ಎಂದು ಹೆದರಿಸಿ ದುಪ್ಪಟ್ಟು ಹಣ ಪಡೆಯುವುದೂ ಅಂಥದ್ದೇ. ಕಾರು ತಂದುಕೊಟ್ಟವನು ತನ್ನ ಮನೆಯವರ ಜೀವವನ್ನೂ ನಮ್ಮ ಕೈಗೆ ಅಮಾನತ್ ಆಗಿ ಕೊಟ್ಟಿರುತ್ತಾನೆ.

ಅಣ್ಣನ ಕಾರಿಗೆ ನಾಲ್ಕು ರಿಂಗ್ ಹಾಕಿ, ನಟ್ಟುಗಳನ್ನು ಕ್ರಮವಾಗಿ ಬಿಗಿದ ಮೇಲೆ ನಡುಕ ನಿಂತಿತು. ಖರ್ಚಾದದ್ದು ಕೆಲವು ನೂರು ರೂಪಾಯಿ. ಮುಂದಿನ ವಾರ ಅಜ್ಜಿ ಮನೆಗೆ ಹೋದಾಗ ಅಮ್ಮ ದಾರಿಯುದ್ದಕ್ಕೂ ನಿದ್ದೆ ಮಾಡಿದರು.