ಹೆಸರು ಬದಲಾಗದ ಬೈಕು

ಪೀಣ್ಯದ ಕಾರ್ಖಾನೆಗೆ ಸೇರಿದ ನನ್ನ ಸೋದರಳಿಯ ಮೊದಲ ಬೈಕು ಕೊಳ್ಳಹೊರಟಾಗ ನಾನೂ ಜೊತೆಗಿದ್ದೆ. ಹಳೆಯ ಸ್ಪ್ಲೆಂಡರ್. ಅವನು ಹೊಳಪು, ಮೈಲೇಜು ವಿಚಾರಿಸಿದ. ನಾನು ಟೈರು, ಬ್ರೇಕು ಪರೀಕ್ಷಿಸಿ ಆರ್.ಸಿ. ಕೇಳಿದೆ. ಅದರಲ್ಲಿದ್ದುದು ಮಾರುವವರ ಹೆಸರಲ್ಲ, ಅವರಿಗೆ ಮಾರಿದವರದು! ‘ಫಾರಂ 29, 30ಕ್ಕೆ ಸಹಿ ಇದೆಯಲ್ಲ, ನಿಧಾನವಾಗಿ ಮಾಡಿಸಿಕೊಳ್ಳಿ’ ಎಂಬ ಸಮಾಧಾನ ಬೇರೆ. ನಾವು ಬರಿಗೈಯಲ್ಲಿ ಹಿಂದಿರುಗಿದೆವು.

ಕೊಂಡವರು 30 ದಿನಗಳೊಳಗೆ ವರ್ಗಾವಣೆಯನ್ನು ಆರ್.ಟಿ.ಒ.ಗೆ ತಿಳಿಸಬೇಕೆಂಬುದು ಕಾನೂನು. ಮಾರಿದ ಮೇಲೂ, ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹೆಸರು ಬದಲಾಯಿಸದ ಸೋಮಾರಿತನ ಇಬ್ಬರಿಗೂ ಉರುಳು.

ಪಾಳಿ ಮುಗಿಸಿ ತುಮಕೂರು ರಸ್ತೆಯ ಲಾರಿಗಳ ನಡುವೆ ಸಾಗುವ ಹೊಸ ಸವಾರನಿಗೆ ಎಂಜಿನ್ ಗಟ್ಟಿಯಿದ್ದರೆ ಸಾಲದು, ಕಾಗದವೂ ಗಟ್ಟಿಯಿರಬೇಕು. ಹೆಸರು ಬದಲಾಗುವವರೆಗೆ ಪೂರ್ತಿ ಹಣ ಕೊಡದಿರುವುದೇ ಲೇಸು.